ತಡೆಯುವವರ ಆಟ

ಓಡಿ ಗೆದ್ದವನ ಹೆಸರು ಊರಿಗೆಲ್ಲ ಗೊತ್ತು. ಅಡ್ಡ ನಿಂತು ತಡೆದವನನ್ನು ಕೇಳುವವರಾರು? ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯ ನೋಡುವಾಗಲೆಲ್ಲ ನನ್ನ ಕಣ್ಣು ಈ ತಡೆಯುವವರ ಮೇಲೆಯೇ ನೆಡುತ್ತದೆ.

ಇದು ನಾವು ಬಲ್ಲ ಕಾಲ್ಚೆಂಡಲ್ಲ. ಇಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಎಸೆಯಬಹುದು. 4 ಯತ್ನಗಳಲ್ಲಿ 10 ಗಜ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಆದ್ದರಿಂದ ರಕ್ಷಕರು ಚೆಂಡನ್ನು ಕಸಿಯಲೇಬೇಕೆಂದಿಲ್ಲ. ಜಿಪುಣನು ಕಾಸು ಬಿಚ್ಚಿದಂತೆ ಗಜ ಗಜವನ್ನೂ ಬಿಗಿಹಿಡಿದು ಬಿಟ್ಟರೆ ಸಾಕು.

11 ಮಂದಿಯಲ್ಲಿ ಒಬ್ಬೊಬ್ಬನ ಪಾಲಿಗೂ ಒಂದು ಸಂದೋ, ಒಬ್ಬ ಎದುರಾಳಿಯೋ, ಮೈದಾನದ ಒಂದು ಭಾಗವೋ ಬಿದ್ದಿರುತ್ತದೆ. ಚೆಂಡು ಅತ್ತ ಹೋಯಿತೆಂದು ಒಬ್ಬನು ಆತುರದಿಂದ ಠಾವು ಬಿಟ್ಟು ಧಾವಿಸಿದರೆ, ಬದು ಒಡೆದ ಗದ್ದೆಯ ನೀರಿನಂತೆ ಎದುರಾಳಿಗಳು ಅಲ್ಲಿಂದಲೇ ನುಗ್ಗುತ್ತಾರೆ. ಮೈಬಲ, ವೇಗ ಬೇಕು, ನಿಜ. ಅದಕ್ಕಿಂತ ಮಿಗಿಲಾಗಿ ಬೇಕಾದುದು, ಪಕ್ಕದವನು ತನ್ನ ಪಾಲಿನ ಕೆಲಸವನ್ನು ಮಾಡುವನೆಂಬ ನಂಬಿಕೆ.

2011ರ ನವೆಂಬರಿನಲ್ಲಿ ಅಲಬಾಮ ವಿಶ್ವವಿದ್ಯಾನಿಲಯದ ತಂಡವು ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯದವರಿಗೆ 6–9ರಿಂದ ಸೋತಿತ್ತು. 2012ರ ಜನವರಿ 9ರಂದು ರಾಷ್ಟ್ರೀಯ ಪಟ್ಟಕ್ಕಾಗಿ ಅವೇ ತಂಡಗಳು ಮತ್ತೆ ಸೆಣಸಿದವು. ಆ ಋತುವಿನಲ್ಲಿ ಸೋಲನ್ನೇ ಕಾಣದಿದ್ದ ಲೂಯಿಸಿಯಾನದವರು ಇಡೀ ಆಟದಲ್ಲಿ ಗಳಿಸಿದ್ದು 92 ಗಜ, ಅಂಕ ಸೊನ್ನೆ. ಅಲಬಾಮದವರಿಗೆ 21.

ಅಂಥ ಸೊನ್ನೆಯನ್ನು ಒಬ್ಬನ ಹೆಸರಿಗೆ ಬರೆಯಲಾಗದು. ಸಂಸಾರದ ರೀತಿಯೂ ಇದೇ ಅಲ್ಲವೆ? ದಿನವೂ ಒಲೆ ಹೊತ್ತಿಸುವವರನ್ನು ಯಾರೂ ಹೊಗಳುವುದಿಲ್ಲ. ಒಂದು ದಿನ ಅವರು ಠಾವು ಬಿಟ್ಟಾಗಲೇ ಮನೆಗೆ ಅವರ ಬೆಲೆ ತಿಳಿಯುವುದು.