ಕಾದಂಬರಿಕಾರನ ಸತ್ಯಾಣುವ್ರತ

ಕಾದಂಬರಿ ಬರೆಯುವುದೆಂದರೆ ಇಲ್ಲದ್ದನ್ನು ಕಟ್ಟಿ ಹೇಳುವುದು. ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನಿಗೆ ಇದು ಒಪ್ಪುವುದೇ? ವಡ್ಡಾರಾಧನೆಯ 19 ಕಥೆಗಳನ್ನು ಹೇಳಿದ ಪರಂಪರೆಗೆ ಕಲ್ಪನೆಯ ಭಯವಿರಲಿಲ್ಲ. ಭಯವಿರಬೇಕಾದದ್ದು ಬೇರೆಡೆ.

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದ ತರುಣನೊಬ್ಬನು ಕಾದಂಬರಿಗೆ ಕೈಹಾಕಿದನು. ಅಂಗಡಿಯ ಅಭ್ಯಾಸವೇ ಅವನಿಗೆ ಮಾರ್ಗವಾಯಿತು. ದಿನವೂ ಕಂಡದ್ದು ಕೇಳಿದ್ದನ್ನು ಮೊದಲು ಕಿರ್ದಿಯಂತೆ ಬರೆದಿಡುವನು. ವಾರಕ್ಕೊಮ್ಮೆ ಒಂದೊಂದು ಪಾತ್ರದ ಖಾತೆಗೆ ಅದನ್ನು ಏರಿಸುವನು. ಅಧ್ಯಾಯ ಮುಗಿದಾಗ ತಾಳೆ ನೋಡುವನು. ಮುಂಜಾನೆ ಒಂದು ಪುಟವಾದರೂ ಬರೆಯದೆ ಅಂಗಡಿಗೆ ಹೋಗನು. ಹೂಮಳೆ ಬೀಳುವ ಕಾಲ, ಅರೇಬಿಕಾ ಹಣ್ಣು ಕೊಯ್ಯುವ ಕಾಲ, ರೊಬಸ್ಟಾ ಕೊಯ್ಯುವ ಕಾಲ, ಇವುಗಳನ್ನು ತೋಟದವರನ್ನು ಕೇಳಿ ತಿಳಿದೇ ಬರೆದನು. ಕಥೆ ಕಲ್ಪಿತವಾಗಬಹುದು, ತೋಟದ ಪಂಚಾಂಗ ಕಲ್ಪಿತವಾಗಬಾರದು.

ಕಾದಂಬರಿಯ ನಡುಭಾಗದಲ್ಲಿ ಇಬ್ಬರು ಅಣ್ಣತಮ್ಮಂದಿರ ಪಾಲುಪಟ್ಟಿ. ಅಣ್ಣನು ಕರಿಮೆಣಸಿನ ಹಣವನ್ನು ತಮ್ಮನಿಂದ ಮರೆಮಾಚುತ್ತಾನೆ. ತರುಣನು ಅದನ್ನು ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಹಿರಿಯರೊಬ್ಬರಿಗೆ ಓದಿ ತೋರಿಸಿದನು.

“ಇದು ಯಾರ ಮನೆಯ ಸಂಗತಿಯಪ್ಪ?” ಎಂದರು ಹಿರಿಯರು.

“ಒಂದು ಸಂಜೆ ಅವರೇ ಮನಸ್ಸು ಬಿಚ್ಚಿ ಹೇಳಿದ್ದು, ಯಜಮಾನರೇ. ಹೆಸರು ಬದಲಿಸಿದ್ದೇನೆ.”

“ಜೋಪಾನ ಮಾಡೆಂದು ಕೊಟ್ಟ ಒಡವೆಯನ್ನು ಕರಗಿಸಿ ಬೇರೆ ಒಡವೆ ಮಾಡಿಸಿಕೊಂಡರೆ ಅದು ನಿನ್ನದಾಗುವುದೇ?”

ತರುಣನು ಮಾತಾಡಲಿಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ರಹೋಭ್ಯಾಖ್ಯಾನ, ಎಂದರೆ ಗುಟ್ಟನ್ನು ಬಯಲಿಗೆಳೆಯುವುದು, ಇನ್ನೊಂದು. ವರ್ತಕನು ಇಡುಗಂಟಿಗೆ ಹೆದರುತ್ತಾನೆ. ಬರಹಗಾರನು ಕಿವಿಯಲ್ಲಿಟ್ಟ ಮಾತಿಗೂ ಹಾಗೆಯೇ ಹೆದರಬೇಕು. ಮೂಡಿಗೆರೆ, ಕಳಸದಂತಹ ಊರುಗಳಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಮುಖ ಮರೆಯಾಗದು.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪಹಿಂಸೆಯ ಫಲವು ತಾಯಿಮಕ್ಕಳನ್ನು ಭವಭವಗಳಲ್ಲಿ ಕಾಡಿತು. ಸೇಡಿಗಾಗಿ ಒಬ್ಬನನ್ನು ಕಾದಂಬರಿಯ ದುಷ್ಟನನ್ನಾಗಿ ಮಾಡುವುದೂ ಹಿಟ್ಟಿನ ಕೋಳಿಯನ್ನು ಕಡಿದಂತೆಯೇ.

ಹಾಗಾದರೆ ಕಂಡ ಮನುಷ್ಯರನ್ನು ಬರೆಯಲೇಬಾರದೇ? ಮೂಡಿಗೆರೆಯಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಇಲ್ಲಿ ದಾರಿ ತೋರಿಸುತ್ತದೆ. 1980ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಮಂದಣ್ಣನು ಊರಿನ ಕಣ್ಣಿಗೆ ಕೆಲಸಕ್ಕೆ ಬಾರದವನು. ವಿಜ್ಞಾನಿಯ ಕಣ್ಣಿಗೆ ಅಪೂರ್ವ ನಿಸರ್ಗಜ್ಞ. ಎರಡು ನೋಟಗಳೂ ಕಥೆಯೊಳಗಿವೆ. ಹುಡುಕಿಹೋದ ಹಾರುವ ಓತಿಯೂ ಕೊನೆಗೆ ಕೈಗೆ ಸಿಗುವುದಿಲ್ಲ. ಪಾತ್ರವನ್ನು ಒಂದೇ ನಯದಿಂದ ನೋಡಿ ತೀರ್ಪು ಕೊಡದಿರುವುದು ಅನೇಕಾಂತದ ದೃಷ್ಟಿಗೂ ಒಪ್ಪುವ ಮಾತು, ಕಾದಂಬರಿಯ ಕಸುಬಿಗೂ ಹಿತವಾದ ಮಾತು.

ತರುಣನು ಆ 80 ಪುಟಗಳನ್ನು ತೆಗೆದುಹಾಕಿದನು. ಅದು ಒಂದು ವರ್ಷದ ದುಡಿಮೆ, ಸಂಕಟವಾಗದೆ ಇರಲಿಲ್ಲ. ಬಳಿಕ ಪ್ರತಿಕ್ರಮಣಕ್ಕೆ ಕುಳಿತಂತೆ ಕುಳಿತು, ತಾನು ಸ್ವಂತ ತಂಗಿಯಿಂದ ಮರೆಮಾಚಿದ್ದೇನು ಎಂದು ಕೇಳಿಕೊಂಡನು. ಉತ್ತರ ಬೇಗನೆ ಸಿಕ್ಕಿತು. ಅದನ್ನೇ ಮೂಲಧನವಾಗಿಟ್ಟು, ಬೇರೆ ಮನೆ, ಬೇರೆ ಸಂಬಂಧ, ಬೇರೆ ಕಾರಣವನ್ನು ಕಲ್ಪಿಸಿ ಬರೆದನು. ಮೊದಲಿನ ಬರಹದಲ್ಲಿ ಮರೆಮಾಚಿದವನು ಬರಿಯ ಲೋಭಿಯಾಗಿದ್ದನು. ಈಗಿನದರಲ್ಲಿ ಹೆದರಿದ ಮನುಷ್ಯನಾದನು.

ಬರೆಯಹೊರಟವರು ಪ್ರತಿ ಅಧ್ಯಾಯದ ಕೊನೆಗೆ ಮೂರು ಪ್ರಶ್ನೆಗಳಿಂದ ತಾಳೆ ನೋಡುವುದು ಒಳ್ಳೆಯದು: ಇದು ಯಾರಾದರೂ ನಂಬಿ ಇಟ್ಟ ಮಾತೇ? ಇದರ ಹಿಂದೆ ದ್ವೇಷವಿದೆಯೇ? ಈ ಪಾತ್ರದ ಪಕ್ಷವನ್ನು ಅವನೇ ಹೇಳಿದ್ದರೆ ಹೇಗೆ ಹೇಳುತ್ತಿದ್ದನು?

ಆ ತೋಟದ ಯಜಮಾನರು ಇಂದಿಗೂ ಕಾಫಿ ಮಾರಲು ಬಂದಾಗ ತರುಣನ ಮೇಜಿನ ಬಳಿ ಕುಳಿತು ಮನೆಯ ಮಾತು ಆಡುತ್ತಾರೆ. ಆ 80 ಪುಟಗಳ ವಿಷಯ ಅವರಿಗೆ ತಿಳಿಯದು.