ಮರುದಾರಿಯ ಬಾಡಿಗೆ

ಜುವಾರಿ ನದಿಯ ದಕ್ಷಿಣ ದಡದ ಕೊರ್ತಾಲಿಮ್‌ನಲ್ಲಿ, 1983ರಲ್ಲಿ ಸೇತುವೆಯಾಗುವವರೆಗೆ, ಆಚೆ ದಡಕ್ಕೆ ಹೋಗುವ ವಾಹನಗಳು ಹಾಯುವ ದೋಣಿಗಾಗಿ ಕಾಯಬೇಕಿತ್ತು. ನಾವು ಅಲ್ಲಿ ಕಾದದ್ದು ಬಾಡಿಗೆಯ ಕಾರಿಗೆ. ಮೊಣಕಾಲು ಮಡಚಲಾರದ ಹಿರಿಯ ಶಿಕ್ಷಕರೊಬ್ಬರನ್ನು ಧಾರವಾಡಕ್ಕೆ ಮುಟ್ಟಿಸಬೇಕಾಗಿತ್ತು. ಬಸ್ಸು ಅವರಿಗೆ ಆಗದ ಮಾತು.

ಮೊದಲು ಬಂದವರದು ಬಿಳಿ ಫಲಕದ ಖಾಸಗಿ ಕಾರು, ದರವೂ ಅಗ್ಗ. ಆದರೆ ಬಾಡಿಗೆಗೆ ಓಡಬೇಕಾದದ್ದು ಹಳದಿ ಫಲಕದ ಮೇಲೆ ಕಪ್ಪು ಅಕ್ಷರಗಳುಳ್ಳ ವಾಹನ. ದಾರಿಯಲ್ಲಿ ಅವಘಡವಾದರೆ ಖಾಸಗಿ ಕಾರಿನ ವಿಮೆಯವರು ಬಾಡಿಗೆಯ ಕಾರಣವೊಡ್ಡಿಯೇ ಕೈ ಕೊಡವಬಹುದು. ಅದನ್ನು ಬಿಟ್ಟೆವು.

ಹಳದಿ ಫಲಕದವರು ಬಾಗಲಕೋಟೆಯ ಕಡೆಯವರು. ಹೋಗಿಬರುವ ಎರಡೂ ದಾರಿಯ ಹಣ ಕೇಳಿದರು. ನಮ್ಮಲ್ಲೊಬ್ಬರು ಗೊಣಗಿದಾಗ, "ಖಾಲಿ ಗಾಡಿ ನೀರ ಕುಡದು ಓಡತೈತೇನ್ರಿ ಮಾಸ್ತರ?" ಎಂದರು. ಈ ಲೆಕ್ಕ ತಪ್ಪೆನ್ನಲು ಬಾರದು.

ನಾವು ಕೇಳಿದ್ದು ಬೇರೊಂದು: ರಾತ್ರಿ ಎಷ್ಟು ತಾಸು ಮಲಗಿದ್ದಿರಿ? ದಾಬೋಳಿ ವಿಮಾನ ನಿಲ್ದಾಣದ ಬಾಡಿಗೆ ಮುಗಿಸಿ ಮಲಗಿದ್ದು ಮೂರೇ ತಾಸಂತೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ತಾಸಿನ ದುಡಿಮೆ, ಐದು ತಾಸು ಮೀರುವ ಮುನ್ನ ಅರ್ಧ ತಾಸಿನ ವಿರಾಮ ಎನ್ನುತ್ತಿತ್ತು. ಆದರೆ ಅದು ಇದ್ದದ್ದು ಐವರಾದರೂ ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೇ ಕಾರು, ಅದಕ್ಕೆ ತಾನೇ ಒಡೆಯ, ತಾನೇ ಆಳು, ಮೇಲೆ ಸಾಲದ ಕಂತು: ಅಲ್ಲಿ ಗಡಿಯಾರ ನೋಡುವವರಾರು?

ಮಧ್ಯಾಹ್ನದವರೆಗೆ ಅವರು ಮಲಗಿ ಎದ್ದ ಮೇಲೆ ಹೊರಡುವುದು, ರಾತ್ರಿ ಧಾರವಾಡದಲ್ಲೇ ತಂಗುವುದು, ಆ ಖರ್ಚು ನಮ್ಮದು ಎಂದು ಒಪ್ಪಿಸಿದೆವು. ಫೋಂಡಾ, ಮೊಲೆಮ್ ದಾಟಿ ಅನಮೋಡ ಘಟ್ಟವೇರುವಾಗ ತಿರುವು ತಿರುವಿಗೂ ಅವರ ಕಣ್ಣುಗಳನ್ನು ಕನ್ನಡಿಯಲ್ಲಿ ನೋಡುತ್ತಿದ್ದೆವು. ಹಿರಿಯರು ಮಾತ್ರ ಹಿಂದಿನ ಆಸನದಲ್ಲಿ ಕಾಲು ನೀಡಿ ಗಾಢ ನಿದ್ದೆಯಲ್ಲಿದ್ದರು.