ಮಲಗಿದ ಮಾತೆ

ರಾಜಾಜಿನಗರದ ನಮ್ಮ ಹಳೆಯ ಮನೆಯನ್ನು ಕಳೆದ ವರ್ಷ ಕೆಡವಲಾಯಿತು. ಅಪ್ಪ ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಕಾಲದಲ್ಲಿ ಸಾಲಸೋಲ ಮಾಡಿ ಕಟ್ಟಿಸಿದ ಮನೆ ಅದು. ಸಾಮಾನುಗಳನ್ನು ಸಾಗಿಸುವ ದಿನ ತಮ್ಮನಿಗೆ ಬೀರು ಬೇಕಾಯಿತು, ತಂಗಿಗೆ ಅಮ್ಮನ ಹಿತ್ತಾಳೆ ಹಂಡೆ ಬೇಕಾಯಿತು. ಯಾರಿಗೂ ಬೇಡವಾಗಿ ಗೋಡೆಯ ಮೇಲೆ ಉಳಿದದ್ದು ಒಂದು ಚಿತ್ರಪಟ. ಅದನ್ನು ಇಳಿಸಿದಾಗ ಹಿಂದಿನ ಗೋಡೆಯಲ್ಲಿ ಹಳೆಯ ತಿಳಿಹಸಿರು ಸುಣ್ಣದ ಚೌಕವೊಂದು ಕಂಡಿತು. ಅರವತ್ತು ವರ್ಷಗಳಲ್ಲಿ ಎಷ್ಟೋ ಬಾರಿ ಸುಣ್ಣಬಣ್ಣವಾದರೂ ಅಮ್ಮ ಆ ಪಟವನ್ನು ಇಳಿಸಲು ಬಿಟ್ಟಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು.

ಅದೊಂದು ಕ್ಯಾಲೆಂಡರಿನ ಚಿತ್ರ. ಯಾವ ವರ್ಷದ್ದೋ, ಯಾವ ಅಂಗಡಿಯದೋ. ತಾರೀಖಿನ ಭಾಗವನ್ನು ಅಪ್ಪನೇ ಕತ್ತರಿಸಿ ತೆಗೆದು ಗಾಜು ಹಾಕಿಸಿದ್ದರು. ಮರಗಿಡಗಳ ನಡುವೆ ಮಾತೆ ಮರಿಯಮ್ಮನವರು ಬಾಲಯೇಸುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾರೆ. ಕುಳಿತಲ್ಲಿಯೇ ತಲೆವಾಲಿಸಿ ನಿದ್ರೆಹೋಗಿದ್ದಾರೆ. ಮಗುವೂ ಮಲಗಿದೆ. ಮೂವರು ದೇವದೂತರು ಬಾಗಿ ನಿಂತು, ಎಚ್ಚರವಾಗದಂತೆ ಮೆಲ್ಲಗೆ ವಾದ್ಯ ನುಡಿಸುತ್ತಿದ್ದಾರೆ. ಒಬ್ಬ ದೂತನ ಕೈಯಲ್ಲಿ ಪಿಟೀಲು. ನಾವು ಮಕ್ಕಳೆಲ್ಲ ಅದನ್ನು 'ಮಲಗಿರೋ ಮಾತೆ' ಎನ್ನುತ್ತಿದ್ದೆವು. ದಿನವೂ ಸಂಜೆ ಅದರ ಮುಂದೆಯೇ ಜಪಸರ. ಅಪ್ಪ ಕಾರ್ಖಾನೆಯಿಂದ ಬಂದು ಮೊಣಕಾಲೂರಿದವರು ಮೂರನೆಯ ರಹಸ್ಯಕ್ಕೆಲ್ಲ ತೂಕಡಿಸುತ್ತಿದ್ದರು. ನಾವು ನಗುತ್ತಿದ್ದೆವು. ಅಮ್ಮ ಮಾತ್ರ ಎಂದೂ ತೂಕಡಿಸಿದವರಲ್ಲ.

ಯೌವನದಲ್ಲಿ ನನಗೆ ಆ ಪಟದ ಬಗ್ಗೆ ತಿರಸ್ಕಾರ ಹುಟ್ಟಿತು. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ನಮ್ಮ ಧರ್ಮಸಭೆಯಲ್ಲಿ ಹೊಸ ಗಾಳಿ ಬೀಸಿದ ಕಾಲವದು. ಪೂಜೆ ಲತೀನಿನಿಂದ ಕನ್ನಡಕ್ಕೆ ಬಂದಿತ್ತು. ಫಾದರ್ ಅಮಲೋರ್ಪವದಾಸ್ ಅವರು 1967ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನಾ ಕೇಂದ್ರದಲ್ಲಿ ಉಪದೇಶಿಗಳಿಗಾಗಿ ನಡೆದ ಒಂದು ಶಿಬಿರಕ್ಕೆ ನಾನೂ ಹೋಗಿದ್ದೆ. ಆರತಿ, ದೀಪ, ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕುಳಿತ ಪ್ರಾರ್ಥನೆ ನನ್ನ ಮನಸ್ಸನ್ನು ಸೂರೆಗೊಂಡವು. ಸೀರೆಯುಟ್ಟ ಮರಿಯಮ್ಮನನ್ನು ಚಿತ್ರಿಸಿದ ಗೋವೆಯ ಏಂಜೆಲೊ ಡಾ ಫೊನ್ಸೆಕಾ, ನಮ್ಮ ಸಿಲ್ವೇಪುರದ ಜ್ಯೋತಿ ಸಾಹಿ ಮುಂತಾದವರ ಕೃತಿಗಳನ್ನು ಕಂಡ ಮೇಲೆ ನಮ್ಮ ಮನೆಯ ಪಟ ಸಹಿಸಲಸಾಧ್ಯವೆನಿಸಿತು. ಬಿಳಿಯ ಗುಲಾಬಿ ಕೆನ್ನೆಯ ಮಾತೆ, ಹಾಲುಗಲ್ಲದ ದೂತರು, ಸಕ್ಕರೆಪಾಕದಂಥ ಬಣ್ಣ. ಅಮ್ಮನಿಗೆ ಹೇಳಿಯೇಬಿಟ್ಟೆ: "ಇದು ಯುರೋಪಿನವರ ಕ್ಯಾಲೆಂಡರ್ ಕಲೆ. ತೆಗೆದು ನಮ್ಮ ದೇಶದ ಮಾತೆಯ ಚಿತ್ರ ಹಾಕೋಣ."

ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ತಿರುಗಿಯೂ ನೋಡಲಿಲ್ಲ. "ನಿದ್ದೆ ಮಾಡ್ತಿರೋಳನ್ನ ಎಬ್ಬಿಸಿ ಆಚೆ ಕಳಿಸ್ತೀಯೇನೋ?" ಎಂದರು.

ಸೀರೆಯ ಮಾತೆ ಎದುರು ಗೋಡೆಗೆ ಬಂದರು. ಮಲಗಿದ ಮಾತೆ ಇದ್ದಲ್ಲಿಯೇ ಇದ್ದರು.

ನನ್ನ ತಿರಸ್ಕಾರ ಸ್ವಲ್ಪ ಸಡಿಲವಾದದ್ದು ಮಂಗಳೂರಿನಲ್ಲಿ. ಮದುವೆಯೊಂದಕ್ಕೆ ಹೋದಾಗ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡಿದೆ. ಇಟಲಿಯ ಬೆರ್ಗಾಮೊ ಸೀಮೆಯ ಯೇಸುಸಭೆಯ ಸಹೋದರ ಅಂತೋನಿಯೊ ಮೋಸ್ಕೇನಿ 1899ರಲ್ಲಿ ಅಲ್ಲಿಗೆ ಬಂದು, ಎರಡು ವರ್ಷಗಳಿಗೂ ಮಿಗಿಲಾಗಿ ದುಡಿದು, ಗೋಡೆ ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು. ಗಾರೆ ಒಣಗುವ ಮುನ್ನ ಬಣ್ಣ ಕೂರಬೇಕು, ತಿದ್ದುವುದಕ್ಕೆ ಅವಕಾಶವಿಲ್ಲ. ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಕರಾವಳಿಯ ಮಳೆ, ತೇವ, ಬೂಷ್ಟುಗಳನ್ನು ಸಹಿಸಿಕೊಂಡು ಮಸುಕಾಗಿದ್ದ ಅವುಗಳಿಗೆ 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಮರುಜೀವ ಕೊಟ್ಟರು. ಯಾರ ಮುಖವೂ ನಮ್ಮವರ ಮುಖದಂತಿಲ್ಲ, ನಿಜ. ಆದರೂ ಬೆಂಚಿನ ಮೇಲೆ ಕುಳಿತು ಕತ್ತು ನೋಯುವವರೆಗೆ ಮೇಲೆ ನೋಡಿದೆ. ಮನೆಯಿಂದ ಅಷ್ಟು ದೂರ ಬಂದು, ಇಲ್ಲಿಯ ಸೆಕೆಯಲ್ಲಿ ಅಟ್ಟಣಿಗೆಯ ಮೇಲೆ ನಿಂತು ಬರೆದವರನ್ನು ಪರದೇಶಿ ಎನ್ನಲು ಬಾಯಿ ಬರಲಿಲ್ಲ. ಅವರು ತೀರಿಕೊಂಡದ್ದೂ ನಮ್ಮ ನೆಲದಲ್ಲಿಯೇ, 1905ರಲ್ಲಿ, ಕೊಚ್ಚಿಯಲ್ಲಿ.

ಅಮ್ಮ 2011ರಲ್ಲಿ ನಮ್ಮನ್ನಗಲಿದರು. ಪಟ ತಮ್ಮನ ಪಾಲಿನ ಮನೆಯ ಗೋಡೆಯಲ್ಲಿ ಉಳಿಯಿತು. ಕಳೆದ ವರ್ಷ ಕೆಂಗೇರಿಯ ನನ್ನ ಮನೆಗೆ ಬಂತು. ಮೊಮ್ಮಗ ತನ್ನ ಮೊಬೈಲನ್ನು ಅದರ ಮುಂದೆ ಹಿಡಿದು ಕ್ಷಣಮಾತ್ರದಲ್ಲಿ ಹೇಳಿದ: "ತಾತಾ, ಇದನ್ನ ಬರೆದವರು ಬೂಗ್ರೋ ಅಂತ. 'ದೂತರ ಹಾಡು'. 1881." ಅರವತ್ತು ವರ್ಷ ಪಟದ ಮುಂದೆ ಮೊಣಕಾಲೂರಿದ್ದ ನಮಗೆ ಬರೆದವನ ಹೆಸರೊಂದು ಇರಬಹುದೆಂಬ ಯೋಚನೆಯೇ ಬಂದಿರಲಿಲ್ಲ. ಮೂಲಚಿತ್ರ ಈಗ ಅಮೆರಿಕದ ಕ್ಯಾಲಿಫೋರ್ನಿಯಾದ ಫಾರೆಸ್ಟ್ ಲಾನ್ ಸಂಗ್ರಹಾಲಯದಲ್ಲಿದೆ.

ಮರುವಾರ ವಿಜಯನಗರದಲ್ಲಿರುವ ಚಿಕ್ಕಮ್ಮನನ್ನು ನೋಡಲು ಹೋದಾಗ ಈ ಸಂಗತಿಯನ್ನು ಹೇಳಿದೆ. ಎಂಬತ್ತಾರರ ಅವರಿಗೆ ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಬರೆದವನ ಹೆಸರಿನಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. "ಆ ಪಟಾನ ನಿಮ್ಮಮ್ಮ ಯಾಕೆ ಇಟ್ಕೊಂಡಿದ್ರು ಅಂತ ಗೊತ್ತೇನಪ್ಪಾ ನಿಂಗೆ?" ಎಂದರು.

ನನಗೊಬ್ಬ ತಮ್ಮ ಹುಟ್ಟಿ ತೀರಿಕೊಂಡದ್ದು ಗೊತ್ತಿತ್ತು. ನನಗಾಗ ಐದಾರು ವರ್ಷ. ಜೋಳಿಗೆಯ ತೊಟ್ಟಿಲನ್ನು ಬಿಚ್ಚಿದ ಮೇಲೆ ಜಂತೆಯಲ್ಲಿ ಉಳಿದ ಹಗ್ಗವಷ್ಟೇ ನೆನಪು. ಚಿಕ್ಕಮ್ಮ ಉಳಿದದ್ದನ್ನು ಹೇಳಿದರು. ಎಂಟು ತಿಂಗಳ ಮಗುವಿಗೆ ಜ್ವರ, ಭೇದಿ. ಆಸ್ಪತ್ರೆಯಲ್ಲಿ ಅಮ್ಮ ಮೂರು ರಾತ್ರಿ ಕಣ್ಣೆವೆ ಮುಚ್ಚದೆ ಕುಳಿತಿದ್ದರಂತೆ. ನಾಲ್ಕನೆಯ ರಾತ್ರಿ ಜ್ವರ ಇಳಿದಂತಾಯಿತು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದವರಿಗೆ ನಿದ್ರೆ ಹತ್ತಿತು. ಎಚ್ಚರವಾದಾಗ ಮಗುವಿನ ಮೈ ತಣ್ಣಗಾಗಿತ್ತು.

"ನಾನು ನಿದ್ದೆ ಮಾಡ್ಬಿಟ್ಟೆ, ನಾನು ನಿದ್ದೆ ಮಾಡ್ಬಿಟ್ಟೆ ಅಂತ ಅದೊಂದೇ ಮಾತು. ವರ್ಷಗಟ್ಟಲೆ. ಪಾಪಸಂಕೀರ್ತನೆಯಲ್ಲೂ ಅದನ್ನೇ ಹೇಳ್ತಿದ್ರಂತೆ. ಫಾದರ್ ಎಷ್ಟು ಸಮಾಧಾನ ಹೇಳಿದ್ರೂ ಕೇಳ್ಲಿಲ್ಲ. ಆಮೇಲೆ ನಿಮ್ಮಪ್ಪ ಎಲ್ಲಿಂದಲೋ ಆ ಕ್ಯಾಲೆಂಡರ್ ತಂದ್ರು. ಏನೂ ಮಾತಾಡ್ಲಿಲ್ಲ. ತಂದು ಗೋಡೆಗೆ ಹಾಕಿದ್ರು, ಅಷ್ಟೆ."

ನಾನು ಬಹಳ ಹೊತ್ತು ಸುಮ್ಮನಿದ್ದೆ. ಪವಿತ್ರ ಗುರುವಾರದ ರಾತ್ರಿ ದೇವಾಲಯದಲ್ಲಿ ಜಾಗರಣೆಗೆ ಕುಳಿತ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೊರಟರೂ ಅಮ್ಮ ಮಾತ್ರ ಬೆಳಗಿನವರೆಗೆ ನೆಟ್ಟಗೆ ಕುಳಿತಿರುತ್ತಿದ್ದುದು ನೆನಪಾಯಿತು. ಅದನ್ನು ನಾನು ಭಕ್ತಿಯೆಂದುಕೊಂಡಿದ್ದೆ. ಭಕ್ತಿಯೂ ಹೌದು. ಗೆತ್ಸೆಮನೆಯ ತೋಪಿನಲ್ಲಿ ನಿದ್ರೆಹೋದ ಶಿಷ್ಯರ ಮೇಲೆ ಪ್ರವಚನ ಕೇಳುವಾಗ ಅಮ್ಮನಿಗೆ ಏನನಿಸುತ್ತಿತ್ತೋ. ಆ ಪ್ರವಚನದ ಸಾರವನ್ನು ಮನೆಯಲ್ಲಿ ಮಕ್ಕಳಿಗೆ ಗಟ್ಟಿಯಾಗಿ ವಿವರಿಸುತ್ತಿದ್ದವನು ಉಪದೇಶಿಯಾದ ನಾನೇ.

ಆ ರಾತ್ರಿ ಬೂಗ್ರೋ ಯಾರೆಂದು ತಿಳಿಯಲು ಕುಳಿತೆ. ವಿಲಿಯಂ ಅಡಾಲ್ಫ್ ಬೂಗ್ರೋ 1825ರಲ್ಲಿ ಫ್ರಾನ್ಸಿನ ಕಡಲತೀರದ ಲಾ ರೋಷೆಲ್ ಪಟ್ಟಣದಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಅವನನ್ನು ಪೋಷಿಸಿ ಓದಿಸಿದವನು ಗುರುವಾಗಿದ್ದ ಚಿಕ್ಕಪ್ಪ. 1850ರಲ್ಲಿ ರೋಮಿನಲ್ಲಿ ಕಲಿಯುವ ಪುರಸ್ಕಾರ ಗೆದ್ದ; ಎಂಟುನೂರಕ್ಕೂ ಹೆಚ್ಚು ಚಿತ್ರ ಬರೆದ. ಕುಂಚದ ಗುರುತೇ ಕಾಣದಷ್ಟು ನುಣುಪಾಗಿ ಬಣ್ಣ ಹಚ್ಚುವುದು ಅವನ ಪದ್ಧತಿ. ಹೊಸ ಪಂಥದ ಡೆಗಾ ಮತ್ತು ಗೆಳೆಯರು ಅತಿ ನುಣುಪಾದ ಚಿತ್ರವನ್ನು ಗೇಲಿಮಾಡಲು ಇವನ ಹೆಸರನ್ನೇ ಒಂದು ಬೈಗುಳ ಮಾಡಿಕೊಂಡಿದ್ದರಂತೆ. ನಾನು ಅವರ ಪಕ್ಷದವನಾಗಿದ್ದೆನಲ್ಲ! 1905ರಲ್ಲಿ, ಮೋಸ್ಕೇನಿ ತೀರಿಕೊಂಡ ವರ್ಷವೇ, ಅವನೂ ತೀರಿಕೊಂಡ. ಬಳಿಕ ಜಗತ್ತು ಅವನನ್ನು ಮರೆಯಿತು. 1984ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಪ್ರದರ್ಶನವೊಂದು ನಡೆದ ಮೇಲೆಯೇ ಮತ್ತೆ ನೆನೆಯಿತು. ಆ ನಡುಗಾಲದಲ್ಲಿ ಅವನನ್ನು ಮರೆಯದವರೆಂದರೆ ಕ್ಯಾಲೆಂಡರ್ ಅಚ್ಚು ಹಾಕುವವರು ಮತ್ತು ನಮ್ಮಮ್ಮನಂಥವರು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಅವನ ಐವರು ಮಕ್ಕಳಲ್ಲಿ ನಾಲ್ವರು ಅವನ ಕಣ್ಣೆದುರೇ ಹೋದರು. 1875ರಲ್ಲಿ ಹದಿನಾರರ ಮಗ ಜಾರ್ಜ್ ಸತ್ತ. ಮರುವರ್ಷ ಬೂಗ್ರೋ ಬರೆದದ್ದು ಸತ್ತ ಯೇಸುವನ್ನು ಅಪ್ಪಿಕೊಂಡ ಕಪ್ಪುಡುಗೆಯ ಮಾತೆ. ಅತ್ತು ಕೆಂಪೇರಿದ ಕಣ್ಣುಗಳಿಂದ ಆಕೆ ನಮ್ಮನ್ನೇ ನೇರವಾಗಿ ನೋಡುತ್ತಾಳೆ. ಅಲ್ಲಿ ಸಕ್ಕರೆಪಾಕ ಒಂದಿಷ್ಟೂ ಇಲ್ಲ. 1877ರಲ್ಲಿ ಹೆಂಡತಿ ನೆಲ್ಲಿ ಹೋದಳು, ಅದೇ ವರ್ಷ ವರ್ಷ ತುಂಬದ ಹಸುಳೆಯೂ ಹೋಯಿತು. ಆ ವರ್ಷದ್ದೇ 'ಸಾಂತ್ವನದ ಮಾತೆ'. ಕಲ್ಲಿನ ಮೆಟ್ಟಿಲ ಮೇಲೆ ಸತ್ತ ಮಗು. ಅದರ ತಾಯಿ ಮಾತೆಯ ಮಡಿಲ ಮೇಲೆ ಬೋರಲಾಗಿ ಬಿದ್ದಿದ್ದಾಳೆ. ಮಾತೆ ಆಕೆಯನ್ನು ತಟ್ಟುವುದಿಲ್ಲ, ಕಣ್ಣೀರೊರೆಸುವುದಿಲ್ಲ. ಎರಡೂ ಕೈಗಳನ್ನು ಮೇಲೆತ್ತಿ ಆಕಾಶವನ್ನು ನೋಡುತ್ತಾಳೆ, ಅಷ್ಟೆ. ಇದಾದ ನಾಲ್ಕು ವರ್ಷಕ್ಕೆ ಅವನು ಮಲಗಿದ ತಾಯಿಯನ್ನೂ ಮಲಗಿದ ಮಗುವನ್ನೂ ಬರೆದ. ಯಾಕೆ ಬರೆದನೆಂದು ನಾನು ಹೇಳಲಾರೆ. ಗಿರಾಕಿಗಾಗಿಯೂ ಇರಬಹುದು, ಅವನದು ಚೆನ್ನಾಗಿ ಮಾರಾಟವಾಗುತ್ತಿದ್ದ ಕೈ. ಅಪ್ಪ ಯಾಕೆ ತಂದರೆಂಬುದು ಮಾತ್ರ ಈಗ ಗೊತ್ತು.

ಸೀರೆಯುಟ್ಟ ಮಾತೆಯ ಬಗೆಗಿನ ನನ್ನ ಅಭಿಪ್ರಾಯ ಬದಲಾಗಿಲ್ಲ. ನಮ್ಮ ಮಕ್ಕಳು ತಮ್ಮದೇ ಮೈಬಣ್ಣದ ಯೇಸುವನ್ನು ಕಾಣಬೇಕೆಂದು ಇಂದಿಗೂ ವಾದಿಸುತ್ತೇನೆ. ಒಂದು ಚಿತ್ರ ಒಂದು ಮನೆಯಲ್ಲಿ ಏನು ಕೆಲಸ ಮಾಡುತ್ತಿದೆಯೆಂದು ವಿಚಾರಿಸದೆ ಅದನ್ನು ಇಳಿಸಲು ಹೊರಟದ್ದು ಮಾತ್ರ ಚುಚ್ಚುತ್ತದೆ. ಅಮ್ಮನನ್ನು ಒಮ್ಮೆಯಾದರೂ "ಯಾಕಮ್ಮ?" ಎಂದು ಕೇಳಬಹುದಿತ್ತು.

ಪಟದ ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ರಾಜಾಜಿನಗರದ ಹಳೆಯ ಫೋಟೋ ಫ್ರೇಮಿನ ಅಂಗಡಿಗೇ ಒಯ್ದೆ. ಬಿಸಿಲಿಗೆ ಕೆಂಪು ಹಳದಿಗಳು ಹಾರಿಹೋಗಿ ಚಿತ್ರವೆಲ್ಲ ನೀಲಿಯಾಗಿದೆ. ಗುಲಾಬಿ ಕೆನ್ನೆ ಎಂದೋ ಮಾಯವಾಗಿದೆ. ಅಂಗಡಿಯವರು, "ಸಾರ್, ಇದೇ ಚಿತ್ರ ಹೊಸ ಪ್ರಿಂಟ್ ತೆಗೆಸಿಕೊಡ್ತೀನಿ, ಕಲರ್ ಚೆನ್ನಾಗಿ ಬರುತ್ತೆ" ಎಂದರು. ಬೇಡವೆಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಹಿಂದಿನ ರಟ್ಟನ್ನು ಮಾತ್ರ ಬದಲಿಸಿ, ತೇಗದ ಚೌಕಟ್ಟು ಹಾಕಿಕೊಟ್ಟರು.

ಕೆಂಗೇರಿಗೆ ಮರಳುವ ಮುನ್ನ ವಿಜಯನಗರದಲ್ಲಿ ಇಳಿದು ಚಿಕ್ಕಮ್ಮನಿಗೆ ತೋರಿಸಿದೆ. ಅವರು ಪಟವನ್ನು ಮುಖದ ಹತ್ತಿರ ಹಿಡಿದುಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿ, ಗಾಜಿನ ಮೇಲೆ ಬೆರಳಾಡಿಸಿದರು.

"ಇನ್ನೂ ಎದ್ದಿಲ್ವಲ್ಲೋ ಇವಳು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮಲಗ್ಲಿ ಬಿಡು" ಎಂದು ಪಟವನ್ನು ನನ್ನ ಕೈಗಿತ್ತರು.